ಮಂಗಳೂರೋ, ಉಡುಪಿಯೋ? ಒಬ್ಬರೇ ಊರಿಗೆ ಮರಳುವವರ ಪ್ರಶ್ನೆ

ಗಲ್ಫ್ ರಾಷ್ಟ್ರಗಳಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದು ಊರಿಗೆ ಮರಳುತ್ತಿರುವ ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಮದುವೆಯಾಗದೆ ಉಳಿದವರೂ ಇದ್ದಾರೆ. ತಮ್ಮನ ಓದು, ತಂಗಿಯ ಮದುವೆ, ಹಳೆ ಮನೆಯ ಹಂಚು ತೆಗೆದು ತಾರಸಿ ಹಾಕಿಸಿದ ಸಾಲ ಎನ್ನುತ್ತಾ ವಯಸ್ಸು ಐವತ್ತಾದ ನರ್ಸ್‌ಗಳು, ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡಿ ಬಂದವರು, ಬ್ಯಾಂಕಿನಿಂದ ನಿವೃತ್ತರಾದ ಅವಿವಾಹಿತರು, ಮಕ್ಕಳೆಲ್ಲ ಕೆನಡಾ-ಆಸ್ಟ್ರೇಲಿಯಾ ಸೇರಿ ಒಬ್ಬರೇ ಉಳಿದ ವಿಧವೆ-ವಿಧುರರು ಧರ್ಮಕೇಂದ್ರದ ಕಚೇರಿಗೆ ಬಂದು ಕೇಳುವ ಪ್ರಶ್ನೆ ಒಂದೇ: "ಫಾದರ್, ಇರಲಿಕ್ಕೆ ಮಂಗಳೂರು ಒಳ್ಳೆಯದೋ, ಉಡುಪಿಯೋ?"

ಮೇಲ್ನೋಟಕ್ಕೆ ಇದು ಜಾಗ-ಮನೆಯ ದಲ್ಲಾಳಿಯನ್ನು ಕೇಳಬೇಕಾದ ಪ್ರಶ್ನೆ. ಆದರೆ ಅವರು ಅಲ್ಲಿಗೆ ಹೋಗಿ ಬಂದೇ ನಮ್ಮಲ್ಲಿ ಕೇಳುತ್ತಾರೆ. ಗಲ್ಫಿನಲ್ಲಿ ಎಷ್ಟೇ ವರ್ಷ ದುಡಿದರೂ ಸಾಮಾನ್ಯ ನೌಕರರಿಗೆ ಕೆಲಸ ಮುಗಿದಾಗ ವೀಸಾವೂ ಮುಗಿಯುತ್ತದೆ. ಹಿಂದಿರುಗುವುದು ಖಚಿತ, ಯಾವಾಗ ಎಂಬುದಷ್ಟೇ ಅನಿಶ್ಚಿತ. 2020ರ ಮೇ 12ರಂದು ಕೋವಿಡ್ ಕಾಲದಲ್ಲಿ ದುಬೈಯಿಂದ ಮೊದಲ ವಿಶೇಷ ವಿಮಾನ ಬಜ್ಪೆಗೆ ಬಂದಿಳಿದಾಗ ಈ ಸತ್ಯ ಹಲವರಿಗೆ ಒಮ್ಮೆಗೇ ಎದುರಾಯಿತು. ಹೆಂಡತಿ-ಮಕ್ಕಳಿದ್ದವರು ಅವರಿದ್ದಲ್ಲಿಗೆ ಹೋದರು. ಒಬ್ಬರೇ ಇದ್ದವರು ಎಲ್ಲಿಗೆ ಹೋಗಬೇಕು? ಅಣ್ಣನ ಮನೆಯ ಹಿಂದಿನ ಕೋಣೆಗೆ? ಅಲ್ಲಿ ಎಷ್ಟು ದಿನ?

ಆದ್ದರಿಂದ ಈ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಊರುಗಳನ್ನು ತೂಗಲು ನಾವು ಬಳಸುವ ತಕ್ಕಡಿ ಕುಟುಂಬಗಳಿಗಾಗಿ ಮಾಡಿದ್ದು. ಒಬ್ಬರೇ ಇರುವವರ ಭಾರ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.

ಒಂದೇ ಮನೆಯ ಎರಡು ಕೋಣೆಗಳು

ಮಂಗಳೂರು ಮತ್ತು ಉಡುಪಿ 1997ರವರೆಗೆ ಒಂದೇ ಜಿಲ್ಲೆಯಲ್ಲಿದ್ದವು. ಧರ್ಮಪ್ರಾಂತ್ಯವಂತೂ 2012ರವರೆಗೆ ಒಂದೇ ಆಗಿತ್ತು. ಆ ವರ್ಷ ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್ ಪ್ರಧಾನ ದೇವಾಲಯವಾಗಿ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಎರಡೂ ಕಡೆ ತುಳು, ಕೊಂಕಣಿ, ಕನ್ನಡ. ಎರಡೂ ಕಡೆ ಅದೇ ಮೀನು, ಅದೇ ಕುಚ್ಚಲಕ್ಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಮಳೆ. ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಬೇಸಿಗೆಯ ನೀರಿನ ಕಷ್ಟ ಕೂಡ ಸಮಾನವೇ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು, ಉಡುಪಿಗೆ ಸ್ವರ್ಣಾ ನದಿಯ ಬಜೆ. 2019ರ ಮೇ ತಿಂಗಳಲ್ಲಿ ಎರಡೂ ಬತ್ತಿ, ಎರಡೂ ಊರಿನವರು ಸರದಿ ಮೇಲೆ ನೀರು ಹಿಡಿದದ್ದನ್ನು ಯಾರೂ ಮರೆತಿರಲಾರರು.

ವ್ಯತ್ಯಾಸ ಗಾತ್ರದಲ್ಲಿದೆ. 2011ರ ಜನಗಣತಿಯಂತೆ ಮಂಗಳೂರು ನಗರ ಮತ್ತು ಅದಕ್ಕೆ ಹೊಂದಿಕೊಂಡ ಪ್ರದೇಶದ ಜನಸಂಖ್ಯೆ 6 ಲಕ್ಷಕ್ಕೂ ಹೆಚ್ಚು. ಮಣಿಪಾಲವೂ ಸೇರಿದ ಉಡುಪಿ ನಗರಸಭೆಯ ಜನಸಂಖ್ಯೆ ಸುಮಾರು 1.25 ಲಕ್ಷ. ವಿಮಾನ ನಿಲ್ದಾಣ ಮಂಗಳೂರಿಗಿದೆ, ಉಡುಪಿಯವರು ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಂದು ಅದನ್ನೇ ಬಳಸಬೇಕು. ರೈಲು ಎರಡೂ ಕಡೆ ಇದೆ.

ಒಂದು ಕುಟುಂಬಕ್ಕೆ ಇಷ್ಟು ಸಾಕು. ಮಕ್ಕಳ ಶಾಲೆ ಯಾವುದು, ಗಂಡನ ಕೆಲಸ ಎಲ್ಲಿ, ಹೆಂಡತಿಯ ತವರು ಎಷ್ಟು ದೂರ ಎಂದು ನೋಡಿ ತೀರ್ಮಾನಿಸುತ್ತಾರೆ. ಒಬ್ಬರು ಬ್ಯಾಂಕಿಗೆ ಹೋದರೆ ಇನ್ನೊಬ್ಬರು ಮೀನು ಮಾರ್ಕೆಟಿಗೆ ಹೋಗುತ್ತಾರೆ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗಂಜಿ ಬೇಯಿಸುತ್ತಾರೆ. ಒಬ್ಬರೇ ಇರುವವರ ಮನೆಯಲ್ಲಿ ಬ್ಯಾಂಕಿಗೆ ಹೋಗುವವರೂ, ಗ್ಯಾಸ್ ಸಿಲಿಂಡರ್ ಬಂದಾಗ ಬಾಗಿಲು ತೆರೆಯುವವರೂ, ಜ್ವರದಲ್ಲಿ ಮಲಗಿದವರೂ, ಗಂಜಿ ಬೇಯಿಸುವವರೂ ಒಬ್ಬರೇ. ಹಾಗಾಗಿ ಕುಟುಂಬಕ್ಕೆ ಲೆಕ್ಕಕ್ಕೇ ಬಾರದ ಸಣ್ಣ ವ್ಯತ್ಯಾಸ ಅವರ ಪಾಲಿಗೆ ದೊಡ್ಡದಾಗುತ್ತದೆ. ಕೊನೆಯ ಬಸ್ಸು ಎಷ್ಟು ಗಂಟೆಗೆ? ಔಷಧಿ ಅಂಗಡಿಗೆ ನಡೆದು ಹೋಗಬಹುದೇ? ಎರಡು ದಿನ ಕಾಣದಿದ್ದರೆ ಯಾರಾದರೂ ಬಾಗಿಲು ಬಡಿಯುತ್ತಾರೆಯೇ?

ಮನೆ ಸಿಗುವುದು

"ಫ್ಯಾಮಿಲಿಗೆ ಮಾತ್ರ." ಬಾಡಿಗೆಗೆ ಮನೆ ಹುಡುಕುವ ಒಂಟಿ ವ್ಯಕ್ತಿ ಎರಡೂ ಊರುಗಳಲ್ಲಿ ಕೇಳುವ ಮೊದಲ ಮಾತು ಇದು. ಹೇಳುವವರಲ್ಲಿ ನಮ್ಮವರೂ ಇದ್ದಾರೆ. ಮೂವತ್ತರ ಹುಡುಗನಾದರೆ ಕುಡಿದು ಗಲಾಟೆ ಮಾಡಿಯಾನು ಎಂಬ ಭಯ, ಮೂವತ್ತೈದರ ಹೆಣ್ಣುಮಗಳಾದರೆ ಯಾರು ಯಾರು ಬಂದು ಹೋಗುತ್ತಾರೋ ಎಂಬ ಅನುಮಾನ, ಅರವತ್ತೈದರ ವೃದ್ಧೆಯಾದರೆ ಬಿದ್ದರೆ ನಮ್ಮ ತಲೆಗೆ ಬಂತಲ್ಲ ಎಂಬ ಚಿಂತೆ. ಪ್ರತಿ ಭಾನುವಾರ ಒಂದೇ ಬೆಂಚಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವ ನಾವು ಮನೆಯ ಬೀಗದ ಕೈ ಕೊಡುವಾಗ ಮಾತ್ರ ಮದುವೆಯ ಉಂಗುರ ನೋಡುತ್ತೇವೆ!

ಈ ವಿಷಯದಲ್ಲಿ ಮಂಗಳೂರು ಸ್ವಲ್ಪ ಸಲೀಸು. ಬೆಂದೂರು, ಕಂಕನಾಡಿ, ಬಿಜೈ, ಕದ್ರಿ, ವೆಲೆನ್ಸಿಯಾ ಸುತ್ತಮುತ್ತ ಎದ್ದಿರುವ ಫ್ಲಾಟುಗಳಲ್ಲಿ ಮಾಲೀಕರು ಹೆಚ್ಚಾಗಿ ಪರದೇಶದಲ್ಲಿರುವುದರಿಂದ ಬಾಡಿಗೆ ಸರಿಯಾಗಿ ಬಂದರೆ ಸಾಕು ಎನ್ನುವವರೇ ಹೆಚ್ಚು. ದುಡಿಯುವ ಹೆಣ್ಣುಮಕ್ಕಳಿಗೆ ಧರ್ಮಭಗಿನಿಯರ ಹಾಸ್ಟೆಲುಗಳೂ ಇವೆ. ಆದರೆ ಫ್ಲಾಟಿನ ಗೋಡೆ ದಪ್ಪ. ಲಿಫ್ಟಿನಲ್ಲಿ ತಲೆಯಾಡಿಸಿದವರು ಯಾರೆಂದು ಐದು ವರ್ಷವಾದರೂ ಗೊತ್ತಿರುವುದಿಲ್ಲ.

ಉಡುಪಿಯಲ್ಲಿ ಎರಡು ಲೋಕಗಳಿವೆ, ಇವನ್ನು ಬೆರೆಸಬಾರದು. ಮಣಿಪಾಲ ಒಂಟಿಯಾಗಿ ಇರುವವರ ಊರೇ ಸರಿ, ಆದರೆ ಇಪ್ಪತ್ತೈದು ವಯಸ್ಸಿನ ಒಳಗಿನವರಿಗೆ. ಅಲ್ಲಿನ ಪಿ.ಜಿ.ಗಳು, ಊಟದ ಅಂಗಡಿಗಳು, ಬಾಡಿಗೆಯ ದರ ಎಲ್ಲವೂ ವಿಶ್ವವಿದ್ಯಾನಿಲಯದ ವರ್ಷಕ್ಕೆ ಹೊಂದಿಕೊಂಡಿವೆ. ನಲವತ್ತೆಂಟರ ಹೆಣ್ಣುಮಗಳೊಬ್ಬರು ಅಲ್ಲಿ ಕೋಣೆ ಹಿಡಿದರೆ ಪಕ್ಕದ ಕೋಣೆಯ ವಿದ್ಯಾರ್ಥಿ ಪ್ರತಿ ಜೂನ್‌ನಲ್ಲಿ ಬದಲಾಗುತ್ತಾನೆ, ಇವರು ಮಾತ್ರ ಅಲ್ಲೇ. ಕೆಳಗಿನ ಉಡುಪಿ, ಅಂದರೆ ಅಂಬಲಪಾಡಿ, ಕುಂಜಿಬೆಟ್ಟು, ಕಲ್ಮಾಡಿ, ಸಂತೆಕಟ್ಟೆ ಕಡೆ ಬೇರೆ ರೀತಿ. ಮಾಲೀಕರ ಮನೆಯ ಅಂಗಳಕ್ಕೇ ಅಂಟಿದ ಸಣ್ಣ ಮನೆ, ಒಂದೇ ಬಾವಿ, ಒಂದೇ ಗೇಟು. ಸಿಗುವುದು ಕಷ್ಟ, ಸಿಕ್ಕ ಮೇಲೆ "ಬಾಯಮ್ಮ, ಇವತ್ತು ದೀಪ ಹಾಕಲಿಲ್ಲವಲ್ಲ?" ಎಂದು ಗೋಡೆಯಾಚೆಯಿಂದ ಕೇಳುವವರು ಇರುತ್ತಾರೆ.

ಉಡುಪಿಯ ಇನ್ನೊಂದು ವಿಶೇಷ ಗಮನಾರ್ಹ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಪುರುಷರಿಗೆ 1,094 ಮಹಿಳೆಯರು. ಇದು ರಾಜ್ಯದಲ್ಲೇ ಅತಿ ಹೆಚ್ಚು. ಗಂಡಸರು ಮುಂಬಯಿಗೆ, ಗಲ್ಫಿಗೆ ಹೋದ ಊರಿನಲ್ಲಿ ಮನೆ-ಗದ್ದೆ-ಕೋರ್ಟು ಎಲ್ಲವನ್ನೂ ಹೆಂಗಸರೇ ನಿಭಾಯಿಸಿದ್ದು ತಲೆಮಾರುಗಳಿಂದ ನಡೆದು ಬಂದಿದೆ. ಹಾಗಾಗಿ ಒಬ್ಬಂಟಿ ಹೆಣ್ಣು ಮನೆ ನಡೆಸುವುದು ಅಲ್ಲಿ ವಿಚಿತ್ರವಲ್ಲ. ಆದರೆ ಆ ಹೆಣ್ಣಿಗೆ ಎಲ್ಲೋ ದೂರದಲ್ಲಿ ಒಬ್ಬ ಗಂಡ ಇರಬೇಕು ಎಂಬುದೂ ಅಷ್ಟೇ ಹಳೆಯ ನಿರೀಕ್ಷೆ.

ಮೂರನೆಯ ಆಯ್ಕೆಯೂ ಇದೆ. ಹಿರಿಯರ ಮನೆ, ಐದು ಸೆಂಟ್ಸ್ ಅಲ್ಲ, ಎರಡು ಎಕರೆ ಅಡಿಕೆ-ತೆಂಗಿನ ತೋಟದ ನಡುವೆ. ಮೂಲ್ಕಿಯಿಂದ ಒಳಗೆ, ಶಿರ್ವದಿಂದ ಒಳಗೆ, ಬಸ್ಸಿಗೆ ಒಂದೂವರೆ ಮೈಲಿ. ರಜೆಯಲ್ಲಿ ಬಂದಾಗ ಅದು ಸ್ವರ್ಗ. ಮಳೆಗಾಲದ ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟು ಹೋಗಿ ಮೊಬೈಲಿಗೆ ಚಾರ್ಜ್ ಇಲ್ಲದಾಗ, ಅಂಗಳದಲ್ಲಿ ಜಾರಿ ಬಿದ್ದರೆ ಬೆಳಗ್ಗೆ ಹಾಲಿನವನು ಬರುವವರೆಗೆ ಕಾಯಬೇಕು. ಅಡಿಕೆ ಕೊಯ್ಯಲು ಆಳು ಸಿಗುವುದಿಲ್ಲ, ತೆಂಗಿನಕಾಯಿ ಬಿದ್ದಲ್ಲೇ ಮೊಳಕೆಯೊಡೆಯುತ್ತದೆ. ಅಪ್ಪ-ಅಮ್ಮನ ನೆನಪಿನ ಮನೆ ಎಂಬ ಭಾವನೆಯನ್ನು ಗೌರವಿಸುತ್ತೇನೆ. ಆದರೂ ಅರವತ್ತು ದಾಟಿದ ಒಬ್ಬರೇ ಅಲ್ಲಿ ಇರುವುದನ್ನು ನಾನು ಪ್ರೋತ್ಸಾಹಿಸಲಾರೆ.

ಕಾಲು, ಬಸ್ಸು, ಊಟ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಸಿಕ್ಕಿತು. ಆದರೆ ನಮ್ಮ ಕರಾವಳಿಯಲ್ಲಿ ಸಿಟಿ ಬಸ್ಸುಗಳು ಬಹುಪಾಲು ಖಾಸಗಿ. ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್‌ಗಳೂ ಹಾಗೆಯೇ. ಮೈಸೂರಿನ ಮಹಿಳೆಗೆ ದಿನನಿತ್ಯ ಸಿಗುವ ಲಾಭ ನಮ್ಮ ಮಹಿಳೆಗೆ ದೂರದ ಪ್ರಯಾಣದಲ್ಲಷ್ಟೇ ಸಿಗುತ್ತದೆ. ಖಾಸಗಿ ಬಸ್ಸುಗಳು ಹಗಲಿನಲ್ಲಿ ಚೆನ್ನಾಗಿವೆ, ರಾತ್ರಿ ಮತ್ತು ಭಾನುವಾರ ಟ್ರಿಪ್ ಕಡಿಮೆ. ಸಂಜೆಯ ಪೂಜೆಗೆಂದು ಹೊರಟ ವೃದ್ಧರು ಭಾನುವಾರ ಬಸ್ ಸ್ಟಾಪಿನಲ್ಲಿ ಕಾದು ಕಾದು ಆಟೋ ಹಿಡಿಯುವುದನ್ನು ನಾವು ನೋಡುತ್ತಲೇ ಇದ್ದೇವೆ.

ಆದುದರಿಂದ ನಡೆದು ಹೋಗಬಹುದಾದ ಊರು ಮುಖ್ಯ. ಮಂಗಳೂರು ಗುಡ್ಡದ ಮೇಲಿನ ಊರು, ಅದರ ಏರು-ಇಳಿತ ಮೊಣಕಾಲಿಗೆ ಗೊತ್ತು. ಆದರೂ ಕಂಕನಾಡಿಯಂಥ ಜಾಗದಲ್ಲಿ ಮಾರ್ಕೆಟ್, ಆಸ್ಪತ್ರೆ, ಚರ್ಚ್, ಬ್ಯಾಂಕ್ ಎಲ್ಲವೂ ಹತ್ತಿರ ಹತ್ತಿರ. ಉಡುಪಿ ಪೇಟೆಯ ನಡುಭಾಗ ಬಹುತೇಕ ಸಮತಟ್ಟು, ರಥಬೀದಿಯ ಸುತ್ತ ದಿನಸಿಯಿಂದ ದರ್ಜಿಯವರೆಗೆ ಎಲ್ಲ ಸಿಗುತ್ತದೆ. ಮಣಿಪಾಲ ಮಾತ್ರ ಗುಡ್ಡದ ಮೇಲೆ.

ಒಬ್ಬರಿಗಾಗಿ ಅಡುಗೆ ಮಾಡುವುದು ಬೇಸರದ ಕೆಲಸ, ಆ ಬೇಸರದಿಂದಲೇ ಎಷ್ಟೋ ಮಂದಿ ರಾತ್ರಿ ಬ್ರೆಡ್ಡು-ಚಹಾ ಕುಡಿದು ಮಲಗುತ್ತಾರೆ. ಈ ವಿಷಯದಲ್ಲಿ ಉಡುಪಿಗೆ ಸಾಟಿಯಿಲ್ಲ. ಒಬ್ಬರೇ ಹೋಗಿ ಕುಳಿತರೆ ಯಾರೂ ತಿರುಗಿ ನೋಡದ, ಜೇಬಿಗೂ ಹೊಟ್ಟೆಗೂ ಭಾರವಾಗದ ಊಟದ ಹೋಟೆಲುಗಳು ಅಲ್ಲಿನಷ್ಟು ಬೇರೆಡೆ ಇಲ್ಲ. ಮೀನಿಗೆ ಮಲ್ಪೆ ಹತ್ತಿರ, ಮಂಗಳೂರಿಗೆ ದಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲದಲ್ಲಿ ಎರಡೂ ಊರಿಗೆ ಒಣಮೀನೇ ಗತಿ. ಒಬ್ಬರಿಗೆ ಬೇಕಾದ ನಾಲ್ಕು ಬಂಗುಡೆಯನ್ನು ಮುಖ ಸಿಂಡರಿಸದೆ ಕೊಡುವ ಮೀನಿನ ಹೆಂಗಸು ಸಿಕ್ಕಿದರೆ ಆ ಪರಿಚಯವನ್ನು ಬಿಡಬೇಡಿ.

ಆಸ್ಪತ್ರೆ ಹತ್ತಿರವಿದ್ದರೆ ಸಾಕೇ?

"ಆಸ್ಪತ್ರೆ ಎಲ್ಲಿ ಚೆನ್ನಾಗಿದೆ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಎರಡೂ ಕಡೆ ಚೆನ್ನಾಗಿದೆ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಸಂಸ್ಥೆ 1880ರಿಂದ ಇದೆ, ಸರಕಾರಿ ವೆನ್ಲಾಕ್ ಇದೆ, ಖಾಸಗಿ ವೈದ್ಯಕೀಯ ಕಾಲೇಜುಗಳೇ ಹಲವಾರಿವೆ. ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇದೆ, ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇದೆ. ರಾಜ್ಯದ ಹಲವು ಜಿಲ್ಲೆಗಳ ಜನ ಇಲ್ಲಿಗೆ ಬರುತ್ತಾರೆ.

ಒಂಟಿ ರೋಗಿಯ ಸಮಸ್ಯೆ ವೈದ್ಯರದ್ದಲ್ಲ. ದಾಖಲಾತಿ ಕೌಂಟರಿನಲ್ಲಿ ಕೇಳುವ ಪ್ರಶ್ನೆ: "ಜೊತೆಗೆ ಯಾರಿದ್ದಾರೆ?" ಔಷಧಿ ಚೀಟಿ ಹಿಡಿದು ಫಾರ್ಮಸಿಗೆ ಓಡುವವರು, ರಕ್ತದ ಮಾದರಿ ಕೊಡುವವರು, ಬಿಲ್ ಕಟ್ಟುವವರು, ರಾತ್ರಿ ಕುರ್ಚಿಯಲ್ಲಿ ಕೂರುವವರು ಬೇಕು. ಕಾನೂನಿನ ಪ್ರಕಾರ ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಚಿಕಿತ್ಸೆಗೆ ಅವರ ಸ್ವಂತ ಒಪ್ಪಿಗೆಯೇ ಮುಖ್ಯ. ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಒಬ್ಬ ಅವಿವಾಹಿತೆ ತನ್ನ ಶಸ್ತ್ರಚಿಕಿತ್ಸೆಯ ಕಾಗದಕ್ಕೆ ತಾನೇ ಸಹಿ ಹಾಕಬಹುದು, ಅಣ್ಣ ಮಸ್ಕತ್‌ನಿಂದ ಬರುವವರೆಗೆ ಕಾಯಬೇಕಿಲ್ಲ. ಆದರೆ ಸಹಿ ಹಾಕಿದ ಮೇಲೆ ಕುರ್ಚಿಯಲ್ಲಿ ಕೂರುವವರು ಯಾರು ಎಂಬುದಕ್ಕೆ ನ್ಯಾಯಾಲಯ ಉತ್ತರ ಕೊಡಲಾರದು.

ಆದ್ದರಿಂದ ಆಸ್ಪತ್ರೆಗೆ ಎಷ್ಟು ಕಿಲೋಮೀಟರ್ ಎಂದು ಅಳೆಯುವ ಮೊದಲು, ನಿಮ್ಮೊಡನೆ ಆಸ್ಪತ್ರೆಗೆ ಬರುವ ವ್ಯಕ್ತಿ ಎಷ್ಟು ದೂರದಲ್ಲಿದ್ದಾರೆ ಎಂದು ಅಳೆಯಿರಿ. ಅಕ್ಕನ ಮಗಳು ಸಂತೆಕಟ್ಟೆಯಲ್ಲಿದ್ದರೆ ನಿಮ್ಮ ಊರು ಉಡುಪಿ. ಜೊತೆಗೆ ಕುವೈಟಿನಲ್ಲಿದ್ದ ಗೆಳತಿ ಕುಲಶೇಖರದಲ್ಲಿದ್ದರೆ ನಿಮ್ಮ ಊರು ಮಂಗಳೂರು. ಡಯಾಲಿಸಿಸ್‌ನಂತೆ ವಾರಕ್ಕೆ ಎರಡು-ಮೂರು ಬಾರಿ ಹೋಗಬೇಕಾದವರ ವಿಷಯ ಮಾತ್ರ ಬೇರೆ, ಅವರು ಆಸ್ಪತ್ರೆಯ ಪಕ್ಕದಲ್ಲೇ ಇರಬೇಕು.

ಕೆಲಸ ಮತ್ತು ಹಣ

ಇನ್ನೂ ದುಡಿಯುವ ವಯಸ್ಸಿನವರಿಗೆ ಲೆಕ್ಕ ಸರಳ. ಒಂದು ಕಾಲದಲ್ಲಿ ಎರಡೂ ಊರುಗಳು ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, 1925ರ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲೂ, ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ಅವುಗಳ ಜೊತೆ ಊರಲ್ಲೇ ಇದ್ದು ಅಧಿಕಾರಿಯಾಗುವ ದಾರಿಯೂ ಕಿರಿದಾಯಿತು. ಈಗ ಮಂಗಳೂರಿನಲ್ಲಿ ಐಟಿ ಕಂಪೆನಿಗಳು, ಬಂದರು, ಎಂ.ಆರ್.ಪಿ.ಎಲ್., ಕಾಲೇಜು-ಆಸ್ಪತ್ರೆಗಳಿವೆ. ಉಡುಪಿಯ ಕಡೆ ಒಳ್ಳೆಯ ಸಂಬಳದ ಕೆಲಸವೆಂದರೆ ಹೆಚ್ಚಾಗಿ ಮಣಿಪಾಲ. ಕುಟುಂಬದಲ್ಲಿ ಒಬ್ಬರ ಕೆಲಸ ಹೋದರೆ ಇನ್ನೊಬ್ಬರ ಸಂಬಳ ಇರಬಹುದು. ಒಂಟಿ ವ್ಯಕ್ತಿಗೆ ಅದೊಂದೇ. ಎರಡನೆಯ ಕೆಲಸ ಸಿಗುವ ಊರಿನಲ್ಲಿ ಇರುವುದು ಅವರಿಗೆ ಒಂದು ರೀತಿಯ ವಿಮೆ. ಆದ್ದರಿಂದ ನಲವತ್ತೈದರ ಒಳಗಿನವರಿಗೆ ನನ್ನ ಉತ್ತರ ಮಂಗಳೂರು.

ಫ್ಲಾಟ್ ಖರೀದಿಸುವವರು ಒಂದು ಕಾನೂನು ತಿಳಿದಿರಲೇಬೇಕು, ಇದನ್ನು ನಮ್ಮ ಜನ ಕೇಳಿಸಿಕೊಳ್ಳುವುದೇ ಇಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮದುವೆಯಾಗದ, ಮಕ್ಕಳಿಲ್ಲದ ವ್ಯಕ್ತಿ ಮರಣಶಾಸನ ಬರೆಯದೆ ತೀರಿಕೊಂಡರೆ ಆಸ್ತಿಯೆಲ್ಲ ತಂದೆಗೆ. ತಂದೆ ಇಲ್ಲದಿದ್ದರೆ ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಸಮಪಾಲು. ಹತ್ತು ವರ್ಷ ಜೊತೆಗಿದ್ದು ನೋಡಿಕೊಂಡ ಗೆಳತಿಗೆ ಏನೂ ಇಲ್ಲ. ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತ ಅಕ್ಕನ ಮಗಳಿಗೂ, ಅಕ್ಕ ಬದುಕಿರುವವರೆಗೆ, ಏನೂ ಇಲ್ಲ. ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣನಿಗೆ ಪಾಲು ಇದೆ. ಹಾಗಾಗಬಾರದು ಎಂದಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ಮರಣಶಾಸನ ಬರೆಯಬೇಕು, ಯಾರಿಗೆ ಕೊಡುತ್ತೀರೋ ಅವರನ್ನಾಗಲಿ ಅವರ ಗಂಡ-ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬಾರದು. ಧರ್ಮಕಾರ್ಯಕ್ಕೆ ಬಿಟ್ಟು ಹೋಗಲು ಕ್ರೈಸ್ತರಿಗೆ ಹಿಂದೆ ಇದ್ದ ವಿಶೇಷ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ರದ್ದು ಮಾಡಿದೆ. ಹಾಗೆಂದು, ಒಂಟಿ ವೃದ್ಧರ ಮನೆಗೆ ಹೋಗುವ ಧರ್ಮಕೇಂದ್ರದ ಕಾರ್ಯಕರ್ತರು ಅವರ ಆಸ್ತಿಯ ಮಾತೆತ್ತದೇ ಇರುವುದು ಕ್ಷೇಮ ಎಂದೂ ಇಲ್ಲೇ ಹೇಳಿಬಿಡುತ್ತೇನೆ.

ಬಡತನದ ರೇಖೆಯ ಕೆಳಗಿರುವ, 40 ದಾಟಿದ ಅವಿವಾಹಿತ ಮಹಿಳೆಯರಿಗೆ 'ಮನಸ್ವಿನಿ' ಮಾಸಾಶನ 2013ರಿಂದ ಇದೆ. ಮೊತ್ತ ಸಣ್ಣದು. ಆದರೆ ನಮ್ಮಲ್ಲಿ ಹಲವರಿಗೆ ಅದರ ಹೆಸರೇ ಗೊತ್ತಿಲ್ಲ. ಅರ್ಜಿ ತುಂಬಿಸಿ ಕೊಡುವುದು ವಾರ್ಡಿನ ಕಾರ್ಯಕರ್ತರಿಗೆ ಅರ್ಧ ದಿನದ ಕೆಲಸ.

ಧರ್ಮಕೇಂದ್ರದ ಪುಸ್ತಕದಲ್ಲಿ ಅವರೆಲ್ಲಿ?

ಧರ್ಮಸಭೆಯ ಕಾನೂನು ಸಂಹಿತೆಯ 102ನೇ ನಿಯಮ ಹೀಗಿದೆ: ಕಾಯಂ ಇರುವ ಉದ್ದೇಶದಿಂದ ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ನೆಲೆಸಿದರೆ, ಅಥವಾ ಐದು ವರ್ಷ ಪೂರ್ತಿ ಅಲ್ಲಿದ್ದರೆ, ಅದು ನಿಮ್ಮ ನೆಲೆ. ಮೂರು ತಿಂಗಳು ಇರುವ ಉದ್ದೇಶವಿದ್ದರೆ, ಅಥವಾ ಇದ್ದರೆ, ಅದು ನಿಮ್ಮ ತಾತ್ಕಾಲಿಕ ನೆಲೆ. ಎರಡರಿಂದಲೂ ಅಲ್ಲಿನ ಧರ್ಮಗುರು ನಿಮ್ಮ ಧರ್ಮಗುರುವಾಗುತ್ತಾರೆ. ಮದುವೆಯಾಗಿರಬೇಕು ಎಂದು ಆ ನಿಯಮ ಹೇಳುವುದಿಲ್ಲ. ಸಂತ ಎರಡನೆಯ ಜಾನ್ ಪಾವ್ಲರು 1981ರಲ್ಲಿ ಕುಟುಂಬದ ಬಗ್ಗೆ ಬರೆದ 'ಫಮಿಲಿಯಾರಿಸ್ ಕೊನ್ಸೊರ್ಸಿಯೊ' ಪತ್ರದಲ್ಲೂ ಕುಟುಂಬವಿಲ್ಲದವರಿಗಾಗಿಯೇ ಒಂದು ಭಾಗವಿದೆ.

ನಮ್ಮ ವ್ಯವಸ್ಥೆ ಮಾತ್ರ ಕುಟುಂಬವನ್ನೇ ಎಣಿಸುತ್ತದೆ. "ನಮ್ಮ ಧರ್ಮಕೇಂದ್ರದಲ್ಲಿ 420 ಕುಟುಂಬಗಳಿವೆ" ಎನ್ನುತ್ತೇವೆ. ಪುಸ್ತಕದಲ್ಲಿ ಕುಟುಂಬದ ಹೆಸರು, ಯಜಮಾನನ ಹೆಸರು. ವಾರ್ಡಿನ ಸಭೆ ಕುಟುಂಬದ ಮನೆಯಲ್ಲಿ, ವಂತಿಗೆ ಕುಟುಂಬಕ್ಕೆ ಇಷ್ಟು, ಹಬ್ಬದ ದಿನ ದಂಪತಿಗಳಿಗೆ ಬಹುಮಾನ. ಪಿ.ಜಿ. ಕೋಣೆಯಲ್ಲೋ ಫ್ಲಾಟಿನಲ್ಲೋ ಇರುವ ಒಬ್ಬರ ಹೆಸರು ಊರಿನ ಅಣ್ಣನ ಕುಟುಂಬದ ಹಾಳೆಯಲ್ಲೇ ಉಳಿದಿರುತ್ತದೆ, ಅಥವಾ ಎಲ್ಲಿಯೂ ಇರುವುದಿಲ್ಲ. ಇದರ ಪರಿಣಾಮ ಬದುಕಿರುವಾಗ ಅಷ್ಟು ಕಾಣುವುದಿಲ್ಲ. ತೀರಿಕೊಂಡ ದಿನ ಕಾಣುತ್ತದೆ. ಯಾವ ಚರ್ಚಿನ ಗಂಟೆ? ಯಾವ ಸ್ಮಶಾನ? ಶವಸಂಸ್ಕಾರ ಸಾಮಾನ್ಯವಾಗಿ ಅವರ ಸ್ವಂತ ಧರ್ಮಕೇಂದ್ರದಲ್ಲಿ ಎನ್ನುತ್ತದೆ ಸಂಹಿತೆ, ಬೇರೆ ಚರ್ಚನ್ನೋ ಬೇರೆ ಸ್ಮಶಾನವನ್ನೋ ಆರಿಸಿಕೊಳ್ಳುವ ಅವಕಾಶವನ್ನೂ ಕೊಡುತ್ತದೆ. ಆದರೆ ಅವರು ಏನನ್ನು ಆರಿಸಿದ್ದರು ಎಂದು ಹೇಳಲು ಒಬ್ಬರಾದರೂ ಇರಬೇಕಲ್ಲ! ಹುಟ್ಟಿದ ಊರಿನವರು "ಅವರು ಮಂಗಳೂರಿನವರು" ಎನ್ನುತ್ತಾರೆ, ಮಂಗಳೂರಿನ ಪುಸ್ತಕದಲ್ಲಿ ಹೆಸರಿಲ್ಲ.

ಇಲ್ಲಿ ಎರಡು ಊರುಗಳ ಸ್ವಭಾವ ಬೇರೆಯಾಗುತ್ತದೆ. ಮಂಗಳೂರಿನಲ್ಲಿ ಚರ್ಚುಗಳು ಹತ್ತಿರ ಹತ್ತಿರ, ಈ ವಾರ ಬೆಂದೂರು, ಮುಂದಿನ ವಾರ ಮಿಲಾಗ್ರಿಸ್ ಎಂದು ಸಮಯಕ್ಕೆ ತಕ್ಕಂತೆ ಪೂಜೆಗೆ ಹೋಗಬಹುದು. ಹತ್ತು ವರ್ಷ ಹೀಗೆ ಹೋದರೂ ಯಾರೂ ಹೆಸರು ಕೇಳದಿರಬಹುದು. ಬೇಕೆಂದೇ ಅದನ್ನು ಬಯಸುವವರಿದ್ದಾರೆ, ಅವರನ್ನು ದೂರಲಾಗದು. ಉಡುಪಿಯ ಕಡೆಯ ಧರ್ಮಕೇಂದ್ರಗಳಲ್ಲಿ ಮೂರನೆಯ ಭಾನುವಾರವೇ ನಿಮ್ಮ ಊರು, ಮನೆತನದ ಹೆಸರು, ತಾಯಿಯ ತವರು ಎಲ್ಲ ತಿಳಿದುಬಿಡುತ್ತದೆ. ನಾಲ್ಕನೆಯ ಭಾನುವಾರ "ಬಾಯಿ, ನೀವು ಯಾಕೆ ಮದುವೆಯಾಗಲಿಲ್ಲ?" ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ ಉಡುಪಿಯಷ್ಟು ಒಳ್ಳೆಯ ಊರು ಇಲ್ಲ. ಕೇಳಿದವರೇ ಜ್ವರ ಬಂದಾಗ ಗಂಜಿ ತರುತ್ತಾರೆ ಎಂಬುದೂ ನಿಜ, ಅದಕ್ಕೇ ವಿಷಯ ಸುಲಭವಲ್ಲ.

ಧರ್ಮಗುರುಗಳೂ ಗುರಿಕಾರರೂ ಮಾಡಬಹುದಾದ ಕೆಲವು ಕೆಲಸಗಳಿವೆ, ಖರ್ಚಿಲ್ಲದವು. ಒಬ್ಬರೇ ಇರುವವರಿಗೂ ಪುಸ್ತಕದಲ್ಲಿ ಸ್ವಂತ ಹಾಳೆ ತೆರೆಯಬೇಕು. ಆ ಹಾಳೆಯಲ್ಲಿ ತುರ್ತಿಗೆ ಕರೆಯಬೇಕಾದ ಇಬ್ಬರ ಫೋನ್ ನಂಬರು, ಯಾವ ಸ್ಮಶಾನ ಎಂಬ ಇಚ್ಛೆ ಬರೆದಿಡಬೇಕು. ವಂತಿಗೆಯನ್ನು ಪೂರ್ತಿ ಕುಟುಂಬದ ಲೆಕ್ಕದಲ್ಲಿ ಕೇಳಬಾರದು. ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡವರ ಮನೆಗೆ ಹೋದಂತೆ, ಹಣವಿದ್ದೂ ಒಬ್ಬರೇ ಇರುವವರ ಮನೆಗೂ ಹೋಗಬೇಕು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೂರಲು ಸಿದ್ಧರಿರುವ ಐದಾರು ಮಂದಿಯ ಪಟ್ಟಿ ಪ್ರತಿ ಧರ್ಮಕೇಂದ್ರದಲ್ಲಿ ಇರಲಿ. ಯುವಜನರ ಐಸಿವೈಎಂ ಘಟಕಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ಮನೆ ಬಾಡಿಗೆಗೆ ಕೊಡುವ ಕ್ರೈಸ್ತರು "ಫ್ಯಾಮಿಲಿಗೆ ಮಾತ್ರ" ಎಂಬ ಫಲಕವನ್ನು ತೆಗೆಯಲಿ.

ಹಾಗಾದರೆ ಉತ್ತರವೇನು?

ದುಡಿಯುವವರಿಗೆ ಮಂಗಳೂರು ಎಂದಿದ್ದೇನೆ. ಅದರಲ್ಲೂ ಬಸ್ಸಿನ ಹಂಗಿಲ್ಲದ ಕಂಕನಾಡಿ-ಬೆಂದೂರು ಭಾಗ. ನಿವೃತ್ತರಾಗಿ ಸಣ್ಣ ಉಳಿತಾಯದಲ್ಲಿ ಬದುಕುವ, ಜನರ ನಡುವೆ ಇರಬಯಸುವ ಒಂಟಿಯವರಿಗೆ ಉಡುಪಿ ಪೇಟೆ, ಮಣಿಪಾಲ ಅಲ್ಲ. ವರ್ಷಕ್ಕೆರಡು ಬಾರಿ ಪರದೇಶದ ಮಕ್ಕಳ ಬಳಿಗೆ ಹೋಗಿ ಬರುವ ವಿಧವೆ-ವಿಧುರರಿಗೆ ವಿಮಾನ ನಿಲ್ದಾಣದ ಕಾರಣದಿಂದ ಮಂಗಳೂರೇ ಅನುಕೂಲ. ಎರಡರ ನಡುವೆ ಹೆದ್ದಾರಿ ಬದಿಯಲ್ಲಿ ಎಲ್ಲೋ ಒಂದು ಕಡೆ, "ಎರಡೂ ಹತ್ತಿರ" ಎಂದು ಫ್ಲಾಟ್ ಕೊಳ್ಳುವುದು ಕಾರು ಓಡಿಸುವಷ್ಟು ದಿನ ಸರಿ. ಆಮೇಲೆ ಎರಡೂ ದೂರ. ಇವೆಲ್ಲಕ್ಕೂ ಮೇಲೆ, ಜೊತೆಗೆ ಬರುವ ಒಬ್ಬ ಮನುಷ್ಯ ಎಲ್ಲಿದ್ದಾರೋ ಅಲ್ಲಿಗೆ ಉಳಿದ ಲೆಕ್ಕವೆಲ್ಲ ಬಾಗಬೇಕು.

ಹಣ ಕೊಡುವ ಮುನ್ನ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ. ಡಿಸೆಂಬರ್ ರಜೆಯಲ್ಲಿ ನೋಡಿದ ಊರು ಜುಲೈಯಲ್ಲಿ ಹಾಗಿರುವುದಿಲ್ಲ. ಜೂನ್‌ನಲ್ಲಿ ಬಂದರೆ ಸೆಪ್ಟೆಂಬರ್ ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ, 102ನೇ ನಿಯಮದ ಪ್ರಕಾರ ನೀವು ಅಲ್ಲಿನ ಧರ್ಮಕೇಂದ್ರದವರೇ ಆಗಿರುತ್ತೀರಿ. ಕಚೇರಿಗೆ ಹೋಗಿ ಹೆಸರು ಬರೆಸಿ. "ಕುಟುಂಬದ ಯಜಮಾನ ಯಾರು?" ಎಂದು ಕ್ಲಾರ್ಕ್ ಕೇಳಿದರೆ ನಿಮ್ಮದೇ ಹೆಸರು ಹೇಳಿ, ಹಾಳೆ ತೆರೆಯುವವರೆಗೆ ಅಲ್ಲೇ ಕುಳಿತಿರಿ.